ಜಪಾನಿನ ಗಾಡಿ ಆಮೇಲೆ, ಮೊದಲು ಹೊಳೆಯಾಚೆಯ ಗಾಡಿಯ ಕಾಗದ ನೋಡಿ

ಹೋದ ತಿಂಗಳು ಬೇಡಕಿಹಾಳದ ಹುಡುಗನೊಬ್ಬ ನಮಗೆ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಬಯಲಿನಲ್ಲಿ ನೂರಾರು ಪುಟ್ಟ ಬಿಳಿ ಟ್ರಕ್ಕುಗಳು ಸಾಲಾಗಿ ನಿಂತಿವೆ. ಮೂಗು ಮೊಂಡು, ಚಕ್ರ ಸಣ್ಣವು, ಹಿಂದೆ ಮೂರೂ ಕಡೆ ಬಿಚ್ಚುವ ತೊಟ್ಟಿ. ಹಿಂದಿಯಲ್ಲಿ ಒಬ್ಬ ಹೇಳುತ್ತಾನೆ: ಇವು ಜಪಾನಿನ ಗಾಡಿ, ನಾಲ್ಕೂ ಚಕ್ರ ಎಳೆಯುತ್ತವೆ, ರೈತರು ಇಟ್ಟುಕೊಂಡಿದ್ದು, ಹೆಚ್ಚು ಓಡಿಲ್ಲ, ಒಂದೂವರೆ ಲಕ್ಷಕ್ಕೆ ಮನೆ ಬಾಗಿಲಿಗೆ. ಕೆಳಗೆ ಒಂದು ನಂಬರು.

ಹುಡುಗ ಕಾಯಿಪಲ್ಯೆ ವ್ಯಾಪಾರ ಮಾಡುವವನು. ಊರಿನ ಬದನೆ, ಮೆಣಸಿನಕಾಯಿ, ಕೊತಂಬರಿ ಹೇರಿಕೊಂಡು ಇಚಲಕರಂಜಿಗೆ, ಒಮ್ಮೊಮ್ಮೆ ಕೊಲ್ಹಾಪುರಕ್ಕೆ ಹೋಗುತ್ತಾನೆ. ಗಾಡಿ ಸ್ವಂತದ್ದಲ್ಲ, ಬಾಡಿಗೆಯದು. ಮಾಲು ಚೆನ್ನಾಗಿ ಹೋದ ದಿನವೂ ಲಾಭದ ಮುಖ್ಯ ಪಾಲು ಗಾಡಿಯವನ ಜೇಬಿಗೆ. ಅವನು ಬರೆದಿದ್ದು ಇಷ್ಟೇ: "ಅಣ್ಣಾ, ಇದು ಖರೇನೋ ಸುಳ್ಳೋ ನೋಡ್ರಿ. ಇಪ್ಪತ್ತ ಸಾವಿರ ಅಡ್ವಾನ್ಸ್ ಹಾಕ್ರಿ, ಉಳದದ್ದು ಮುಂಬೈ ಬಂದರಕ್ಕ ಬಂದ ಮ್ಯಾಲ ಅಂತಾರ. ಹಾಕ್ಲೋ ಬ್ಯಾಡೋ?"

ಬ್ಯಾಡ ಅಂದೆವು. ಯಾಕೆ ಬ್ಯಾಡ ಎನ್ನುವುದನ್ನು ಹುಡುಕುತ್ತ ಹೋದಾಗ, ಜಪಾನಿನ ಗಾಡಿಗಿಂತ ದೊಡ್ಡ ವಿಷಯವೊಂದು ನಮ್ಮ ಊರ ಚೌಕದಲ್ಲೇ ನಿಂತಿರುವುದು ಕಂಡಿತು. ಎರಡನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಆ ಪುಟ್ಟ ಟ್ರಕ್ಕಿನ ಕಥೆ. ಜಪಾನಿನಲ್ಲಿ ಇದನ್ನು ಕೇ ಟ್ರಕ್ ಅನ್ನುತ್ತಾರೆ. ಕೇ ಅಂದರೆ ಹಗುರ. ಅಲ್ಲಿನ ಸರಕಾರ ಸಣ್ಣ ಗಾಡಿಗಳಿಗೆ ಒಂದು ಅಳತೆ ಹಾಕಿಕೊಟ್ಟಿದೆ: ಉದ್ದ 3.4 ಮೀಟರಿಗಿಂತ, ಅಗಲ 1.48 ಮೀಟರಿಗಿಂತ ಹೆಚ್ಚಿರಬಾರದು, ಇಂಜಿನ್ 660 ಸಿಸಿ ದಾಟಬಾರದು. ಈ ಅಳತೆಯೊಳಗೆ ಇದ್ದರೆ ತೆರಿಗೆ ಕಡಿಮೆ. ಸುಝುಕಿ ಕ್ಯಾರಿ, ಡೈಹಾಟ್ಸು ಹೈಜೆಟ್ ಇವೆಲ್ಲ ಈ ಜಾತಿಯವು, 1960ರ ಆಸುಪಾಸಿನಿಂದ ಓಡುತ್ತಿವೆ. ಹೋಂಡಾದ ಆಕ್ಟಿ ಅನ್ನುವುದು 2021ರಲ್ಲಿ ನಿಂತಿತು. ಗದ್ದೆಯ ಬದುವಿನ ಮೇಲೆ, ಸಂದಿಯಂಥ ಓಣಿಯಲ್ಲಿ ನುಗ್ಗುವ ಗಾಡಿಗಳು ಇವು. ಅಲ್ಲಿ ಎರಡು ವರ್ಷಕ್ಕೊಮ್ಮೆ ಗಾಡಿಯನ್ನು ಕಡ್ಡಾಯ ತಪಾಸಣೆಗೆ ಒಯ್ಯಬೇಕು. ಗಾಡಿ ಹಳೆಯದಾದಂತೆ ಆ ಖರ್ಚು ಏರುತ್ತದೆ. ಹಳ್ಳಿಗಳಲ್ಲಿ ಉಳಿದಿರುವವರು ಹೆಚ್ಚಾಗಿ ಮುದುಕರು. ಹೀಗಾಗಿ ಚೆನ್ನಾಗಿರುವ ಗಾಡಿಯೂ ಹರಾಜಿಗೆ ಬರುತ್ತದೆ, ಹಡಗು ಹತ್ತುತ್ತದೆ.

ಹತ್ತಿ ಎಲ್ಲಿಗೆ ಹೋಗುತ್ತದೆ? ಅಮೆರಿಕದ ರೈತರಿಗೆ ಇದರ ಹುಚ್ಚು ಹಿಡಿದಿದೆ. ನೀವು ಫೋನಿನಲ್ಲಿ ನೋಡುವ ವಿಡಿಯೋಗಳಲ್ಲಿ ಬಹಳಷ್ಟು ಅಲ್ಲಿಯವೇ. ಆದರೆ ಅಲ್ಲಿ 1988ರ ಒಂದು ಕಾಯಿದೆ ಇದೆ. ಅವರ ಸುರಕ್ಷತಾ ನಿಯಮಕ್ಕೆ ಹೊಂದದ ವಿದೇಶಿ ಗಾಡಿ ಒಳಗೆ ಬರಬೇಕಾದರೆ ಅದಕ್ಕೆ ಕನಿಷ್ಠ 25 ವರ್ಷ ಆಗಿರಬೇಕು. ಆದ್ದರಿಂದ ಅಲ್ಲಿಗೆ ಹೋಗುವುದೆಲ್ಲ ಇಪ್ಪತ್ತೈದು ದಾಟಿದ ಮುದಿ ಗಾಡಿ. ಅದನ್ನೂ ರಸ್ತೆಗೆ ಬಿಡೋದಿಲ್ಲ ಎಂದು ಕೆಲವು ರಾಜ್ಯಗಳು ಹಠ ಹಿಡಿದಿದ್ದವು. ಟೆಕ್ಸಾಸ್ 2024ರಲ್ಲಿ ಸಡಿಲ ಬಿಟ್ಟಿತು.

ನಮ್ಮ ದೇಶದ ಲೆಕ್ಕ ಇದಕ್ಕೆ ಪೂರ್ತಿ ತಿರುವು ಮುರುವು. ಕೇಂದ್ರ ಸರಕಾರದ ವಿದೇಶ ವ್ಯಾಪಾರ ನೀತಿಯ ಪ್ರಕಾರ ಹೊರದೇಶದ ಬಳಸಿದ ಗಾಡಿಗೆ ತಯಾರಾಗಿ ಮೂರು ವರ್ಷಕ್ಕಿಂತ ಹೆಚ್ಚಾಗಿರಬಾರದು. ಸ್ಟೇರಿಂಗ್ ಬಲಕ್ಕಿರಬೇಕು, ಮೀಟರ್ ಕಿಲೋಮೀಟರಿನಲ್ಲಿರಬೇಕು. ಹೆಡ್‌ಲೈಟಿನ ಬೆಳಕು ಎಡಗಡೆ ಓಡಾಡುವ ರಸ್ತೆಗೆ ಹೊಂದಬೇಕು. ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವಷ್ಟು ಗಟ್ಟಿ ಇರಬೇಕು. ಮುಂಬೈ ಬಂದರಿನಿಂದ ಮಾತ್ರ ಒಳಗೆ ಬರಬೇಕು. ಹಡಗು ಹತ್ತುವ ಮೊದಲು ಒಂದು ಪರೀಕ್ಷೆ, ಇಳಿದ ಮೇಲೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಮತ್ತೊಂದು. ಇದೆಲ್ಲದರ ಮೇಲೆ ಕಸ್ಟಮ್ಸ್ ಸುಂಕ. ಬಲಗಡೆ ಸ್ಟೇರಿಂಗ್, ಕಿಲೋಮೀಟರಿನ ಮೀಟರು ಜಪಾನಿನ ಗಾಡಿಗೆ ಹುಟ್ಟಿನಿಂದಲೇ ಇವೆ. ಮೂರು ವರ್ಷದ ಶರತ್ತಿನಲ್ಲೇ ಅದು ಕೆಳಗೆ ಬೀಳುತ್ತದೆ.

ಅಮೆರಿಕದವರಿಗೆ ಪೂರ್ತಿ ಹಣ್ಣಾದದ್ದು ಬೇಕು, ನಮ್ಮವರಿಗೆ ಇನ್ನೂ ಮಿಡಿಯಾಗಿರುವುದು ಬೇಕು. ವಿಡಿಯೋದಲ್ಲಿ ತೋರಿಸುವ ಹದಿನೈದು ಇಪ್ಪತ್ತು ವರ್ಷದ ಗಾಡಿ ಎರಡಕ್ಕೂ ಸಲ್ಲ. ಮೂರು ವರ್ಷದೊಳಗಿನ ಗಾಡಿಯನ್ನು ಜಪಾನಿನವರು ಸಸ್ತಾದಲ್ಲಿ ಯಾಕೆ ಬಿಟ್ಟುಕೊಡುತ್ತಾರೆ? ಬಿಟ್ಟರೂ ಹಡಗಿನ ಬಾಡಿಗೆ, ಸುಂಕ, ಪರೀಕ್ಷೆ ಕೂಡಿಸಿದರೆ ನಿಪ್ಪಾಣಿಯ ಶೋರೂಮಿನ ಹೊಸ ಗಾಡಿಯೇ ಅಗ್ಗ. ಆದ್ದರಿಂದ ಹಳೆಯ ಜಪಾನಿ ಟ್ರಕ್ಕು ತರಿಸಿಕೊಡ್ತೀನಿ ಎಂದು ಅಡ್ವಾನ್ಸ್ ಕೇಳುವವನಿಗೆ ಒಂದೇ ಪ್ರಶ್ನೆ ಹಾಕಿ: "ಗಾಡಿ ಯಾವ ವರ್ಷದ್ದು?" ಮೂರಕ್ಕಿಂತ ಹೆಚ್ಚು ವರ್ಷದ ಗಾಡಿ ಅಂದರೆ ಫೋನ್ ಇಡಿ. ಮುಂದಿನ ಮಾತು ಬೇಕಿಲ್ಲ.

ಇನ್ನೂ ಒಂದು ಲೆಕ್ಕ ನೋಡಿ. ಜಪಾನಿನ ಕೇ ಟ್ರಕ್ಕು ಕಾನೂನು ಪ್ರಕಾರ ಹೊರುವುದು 350 ಕಿಲೋ. ಅಂದರೆ 50 ಕಿಲೋದ ಡಿಎಪಿ ಚೀಲ ಏಳು. ನಮ್ಮ ಟಾಟಾ ಏಸ್, ಅದೇ ನಾವೆಲ್ಲ ಛೋಟಾ ಹತ್ತಿ ಅನ್ನುವ ಗಾಡಿ, 750 ಕಿಲೋ ಹೊರುತ್ತದೆ. ಚೀಲ ಹದಿನೈದು. (ನಮ್ಮವರು ಇಪ್ಪತ್ತೈದು ಹೇರುತ್ತಾರೆ, ಆ ಮಾತು ಬೇರೆ.) ವಿಡಿಯೋ ನೋಡಿ ಮನಸೋತ ಗಾಡಿ ಊರಿಗೆ ಬಂದಿದ್ದರೂ ನಮ್ಮ ಹುಡುಗನ ಮಾಲಿನ ಅರ್ಧವೂ ಅದರಲ್ಲಿ ಹಿಡಿಯುತ್ತಿರಲಿಲ್ಲ.

ಈ ಕಾಯಿದೆ ಇಲ್ಲಿನ ಕಂಪನಿಗಳಿಗೆ ಅನುಕೂಲ ಮಾಡಿಕೊಡಲು ಇರುವುದು ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ಸುಳ್ಳಿಲ್ಲ, ಕಂಪನಿಗಳಿಗೆ ಅನುಕೂಲ ಆಗಿದೆ. ಆದರೂ ನಾವು ಈ ಕಾಯಿದೆಯ ಪರವೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2020ರಲ್ಲಿ ಒಂದು ವರದಿ ಕೊಟ್ಟಿತು. 2015ರಿಂದ 2018ರವರೆಗೆ ಜಗತ್ತಿನಲ್ಲಿ 1 ಕೋಟಿ 40 ಲಕ್ಷ ಬಳಸಿದ ಹಗುರ ವಾಹನಗಳು ಒಂದು ದೇಶದಿಂದ ಇನ್ನೊಂದಕ್ಕೆ ಹೋದವು, ಹೆಚ್ಚಿನವು ಜಪಾನ್, ಯುರೋಪ್, ಅಮೆರಿಕದಿಂದ ಹೊರಟವು. ಬಡ ಮತ್ತು ಮಧ್ಯಮ ದೇಶಗಳು ಅವುಗಳಲ್ಲಿ ಬಹುಪಾಲನ್ನು ಇಳಿಸಿಕೊಂಡವು, ಎಲ್ಲಕ್ಕಿಂತ ದೊಡ್ಡ ಪಾಲು ಆಫ್ರಿಕಾಕ್ಕೇ ಹೋಯಿತು. ಹೊಗೆ ಉಗುಳುವ, ಬ್ರೇಕ್ ಸರಿ ಇಲ್ಲದ ಗಾಡಿಗಳೂ ಅದರೊಳಗೆ ಸೇರಿದ್ದವು. ಬೇರೆಯವರು ಬ್ಯಾಡ ಅಂದದ್ದನ್ನು ನಮ್ಮ ಅಂಗಳದಲ್ಲಿ ಯಾಕೆ ಇಳಿಸಿಕೊಳ್ಳಬೇಕು? ಶ್ರೀಲಂಕಾ ಎಷ್ಟೋ ವರ್ಷ ಜಪಾನಿನ ಬಳಸಿದ ಗಾಡಿಗಳ ಮೇಲೆಯೇ ನಡೆದ ದೇಶ. ವಿದೇಶಿ ವಿನಿಮಯ ಉಳಿಸಲು 2020ರಲ್ಲಿ ವಾಹನ ಆಮದನ್ನೇ ನಿಲ್ಲಿಸಬೇಕಾಯಿತು. ಕಾರುಗಳಿಗೆ ಬಾಗಿಲು ಮತ್ತೆ ತೆರೆದದ್ದು 2025ರಲ್ಲಿ. ಅಷ್ಟು ವರ್ಷ ಅಲ್ಲಿ ಹಳೆ ಗಾಡಿಗೆ ಹೊಸ ಗಾಡಿಯ ಬೆಲೆ ಬಂದಿತ್ತು.

ಮತ್ತೆ, ಜಪಾನಿನ ಪುಟ್ಟ ಗಾಡಿ ನಮ್ಮಲ್ಲಿಗೆ ಬಂದೇ ಇಲ್ಲ ಅಂತಲ್ಲ. 1984ರಲ್ಲಿ ಬಂದ ಮಾರುತಿ ವ್ಯಾನು, ಮುಂದೆ ಓಮ್ನಿ ಅಂತ ಹೆಸರಾದದ್ದು, ಸುಝುಕಿ ಕ್ಯಾರಿಯದೇ ಕುಲ. ನಮ್ಮ ಮದುವೆ ದಿಬ್ಬಣ, ಹೆರಿಗೆಯ ಅವಸರ, ಸಂತೆಯ ಸರಕು ಎಲ್ಲ ಅದರಲ್ಲೇ ಸಾಗಿದವು. 2019ರಲ್ಲಿ ಅದರ ತಯಾರಿ ನಿಂತಿತು. 1980ರ ದಶಕದಲ್ಲೇ ಟೊಯೋಟಾ, ಮಜ್ದಾ, ಮಿತ್ಸುಬಿಶಿ, ನಿಸ್ಸಾನ್ ನಮ್ಮ ಕಂಪನಿಗಳ ಜೊತೆ ಸೇರಿ ಇಲ್ಲಿ ಹಗುರ ಟ್ರಕ್ಕು ಮಾಡಿದವು. ಸ್ವರಾಜ್ ಮಜ್ದಾ ಹೆಸರು ನಮ್ಮ ಅಪ್ಪಂದಿರಿಗೆ ಇನ್ನೂ ನೆನಪಿದೆ. 2005ರಲ್ಲಿ ಟಾಟಾ ಏಸ್ ಬಂತು, ಎರಡು ಸಿಲಿಂಡರಿನ 702 ಸಿಸಿ ಡೀಸೆಲ್ ಇಂಜಿನ್ನು. ಎತ್ತಿನ ಗಾಡಿ ಬಿಟ್ಟವರು, ಮೂರು ಗಾಲಿಯ ಟೆಂಪೋ ಮಾರಿದವರು ಅದನ್ನು ಕೊಂಡರು. 2016ರಲ್ಲಿ ಮಾರುತಿ ಸೂಪರ್ ಕ್ಯಾರಿ ತಂದಿತು. ಹೆಸರಲ್ಲೇ ಗೊತ್ತಾಗುತ್ತದೆ ಅದು ಯಾರ ಮಗಳು ಅಂತ. ತಮಾಷೆ ಏನೆಂದರೆ ಆ ಗಾಡಿ ಇಲ್ಲಿಂದ ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳಿಗೆ ರಫ್ತಾಯಿತು. ನಾವು ಜಪಾನಿನಿಂದ ತರಿಸುವ ಕನಸು ಕಾಣುವಾಗ ನಮ್ಮಲ್ಲಿ ಮಾಡಿದ್ದನ್ನು ಇನ್ನೊಬ್ಬರು ಹಡಗಿನಲ್ಲಿ ಒಯ್ಯುತ್ತಿದ್ದರು.

ಜಪಾನಿನ ಮಾತು ಇಲ್ಲಿಗೆ ಸಾಕು. ಈಗ ನಮ್ಮ ಊರಿನ ಚೌಕಕ್ಕೆ ಬರೋಣ.

ಬೆಳಗಿನ ಆರು ಗಂಟೆಗೆ ಬೇಡಕಿಹಾಳದಲ್ಲಿ ನಿಂತು ಸಣ್ಣ ಗಾಡಿಗಳ ನಂಬರ್ ಪ್ಲೇಟ್ ಓದಿ. ಕೆಎ-23 ಇರುತ್ತದೆ, ಅದು ಚಿಕ್ಕೋಡಿಯದು. ಅದರ ಪಕ್ಕದಲ್ಲೇ ಎಂಎಚ್-09 ಕೊಲ್ಹಾಪುರದ್ದು, ಎಂಎಚ್-10 ಸಾಂಗಲಿಯದು, ಒಮ್ಮೊಮ್ಮೆ ಎಂಎಚ್-12, ಪುಣೆಯದು. ಹಾಲು ಒಯ್ಯುವುದು ಎಂಎಚ್, ಹಸಿ ಮೇವು ತರುವುದು ಎಂಎಚ್, ಮಂಟಪದ ಕಂಬ ಹೇರುವುದೂ ಎಂಎಚ್. ಓಡಿಸುವವರು ಮಾತ್ರ ನಮ್ಮವರೇ, ನಾಲ್ಕಾರು ವರ್ಷದಿಂದ ಇಲ್ಲೇ ಇಟ್ಟುಕೊಂಡವರು. ದೂಧಗಂಗೆ ದಾಟಿ ಹೋದರೆ ಇಚಲಕರಂಜಿ. ಅಲ್ಲಿ ಮಗ್ಗದ ನೂಲು, ಬಟ್ಟೆ ಹೊತ್ತ ಗಾಡಿಗಳು ನಾಲ್ಕೈದು ವರ್ಷಕ್ಕೆ ಕೈ ಬದಲಾಗುತ್ತವೆ. ಸಾಲದ ಕಂತು ತಪ್ಪಿ ಫೈನಾನ್ಸಿನವರು ಎಳೆದುಕೊಂಡು ಬಂದ ಗಾಡಿಗಳೂ ಅಲ್ಲಿ ಸಿಗುತ್ತವೆ. ಆಯ್ಕೆ ಹೆಚ್ಚು, ಬೆಲೆ ಕಡಿಮೆ, ಮಾತು ಮರಾಠಿ ಆದರೂ ಸಲೀಸು. ಗಡಿ ಜಗಳ ಮಾಡುವವರು ಮಾಡಲಿ, ಗಾಡಿ ವ್ಯಾಪಾರ ಹೊಳೆಯ ಎರಡೂ ದಂಡೆಗೆ ಹಳೆಯ ನಂಟು.

ನಮ್ಮ ಪಾಲಿಗೆ ಹೊರಗಿನಿಂದ ತರುವ ಹಳೆ ಸಣ್ಣ ಟ್ರಕ್ಕು ಅಂದರೆ ಇದೇ. ಸಮುದ್ರ ದಾಟುವ ಕೆಲಸ ಇಲ್ಲ, ಹೊಳೆ ದಾಟಿದರೆ ಆಯಿತು. ಮೋಸ ಹೋಗುವುದಕ್ಕೆ ಮುಂಬೈ ಬಂದರಿನವರೆಗೆ ಹೋಗಬೇಕಾಗಿಯೂ ಇಲ್ಲ.

ನಮ್ಮ ತಂಡದಲ್ಲಿ ಒಬ್ಬರ ಕಾಕಾ ಹೀಗೇ ಒಂದು ಏಸ್ ತಂದರು. 2019ರ ಮಹಾಪೂರ ಇಳಿದ ಮೇಲಿನ ದೀಪಾವಳಿ. 1 ಲಕ್ಷ 90 ಸಾವಿರ, ಪೂರ್ತಿ ನಗದು. ನಡುವಿನ ಏಜೆಂಟ ಆರ್‌ಸಿ ಕೊಟ್ಟ, ಎರಡು ಕೀಲಿಕೈ ಕೊಟ್ಟ, ಹಳೇ ಮಾಲೀಕ ಸಹಿ ಮಾಡಿದ ಫಾರ್ಮ್ 29, ಫಾರ್ಮ್ 30 ಖಾಲಿಯಾಗಿಯೇ ಕೊಟ್ಟ. "ಪಾರ್ಟಿ ಛಲೋ ಐತಿ ಕಾಕಾ, ಕಾಗದಾ ಸಾವಕಾಶ ಮಾಡ್ಸೋಣಂತ" ಅಂದ. ಕಾಕಾ ಆ ಕಾಗದಗಳನ್ನು ದೇವರ ಜಗಲಿಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರು. ಗಾಡಿ ಚೆನ್ನಾಗಿ ಓಡಿತು. ಲಾಕ್‌ಡೌನಿನಲ್ಲೂ ಕಾಯಿಪಲ್ಯೆ ಹೊತ್ತು ದುಡಿಯಿತು. ವಿಮೆ ಪ್ರತಿ ವರ್ಷ ಹಳೇ ಮಾಲೀಕನ ಹೆಸರಲ್ಲೇ ತುಂಬಿದರು.

2021ರಲ್ಲಿ ಹಳೇ ಮಾಲೀಕ ತೀರಿಕೊಂಡ. ಸತ್ತವನ ಸಹಿ ಇದ್ದ ಖಾಲಿ ಫಾರ್ಮು ಅಂದಿನಿಂದ ಬರೀ ಕಾಗದ. ಮಾಲೀಕ ಸತ್ತರೆ ಗಾಡಿ ಮೊದಲು ವಾರಸುದಾರನ ಹೆಸರಿಗೆ ಬರಬೇಕು, ಅದಕ್ಕೆ ಫಾರ್ಮ್ 31, ಉಳಿದ ವಾರಸುದಾರರ ಒಪ್ಪಿಗೆ. ಆಮೇಲೆ ಅಲ್ಲಿಂದ ಎನ್‌ಒಸಿ, ಆಮೇಲೆ ಇಲ್ಲಿ ಹೆಸರು. ಗಂಡುಮಕ್ಕಳಿಬ್ಬರು ಆಸ್ತಿ ಜಗಳದಲ್ಲಿ ಕೋರ್ಟು ಹತ್ತಿದ್ದರು. ಒಬ್ಬ ಸಹಿ ಮಾಡುತ್ತೇನೆ ಅಂದರೆ ಇನ್ನೊಬ್ಬ ಒಲ್ಲೆ ಅನ್ನುತ್ತಿದ್ದ. ಮೂರು ಸಲ ಹೋಗಿ ಬಂದ ಕಾಕಾ ನಾಲ್ಕನೆಯ ಸಲ ಹೋಗಲಿಲ್ಲ. ಫಿಟ್‌ನೆಸ್ ಮುಗಿಯಿತು, ಗಾಡಿ ನಿಂತಿತು. ಮಾರಲು ಬರುವುದಿಲ್ಲ, ಓಡಿಸಲು ಬರುವುದಿಲ್ಲ. ಈಗ ಅದರ ತೊಟ್ಟಿಯಲ್ಲಿ ಕೋಳಿಗಳು ಮಲಗುತ್ತವೆ.

ಕಾಕಾನದು ರೊಕ್ಕದ ನಷ್ಟ. ಅಪಘಾತ ಆಗಿದ್ದರೆ ಕಥೆ ಬೇರೆ ಆಗುತ್ತಿತ್ತು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಒಂದು ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು, ಆದರೆ ಆರ್‌ಸಿಯಲ್ಲಿ ಮೊದಲ ಮಾಲೀಕನ ಹೆಸರೇ ಉಳಿದಿತ್ತು. ಅದು ಅಪಘಾತ ಮಾಡಿತು. ಪರಿಹಾರ ಯಾರು ಕೊಡಬೇಕು? ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಕಾನೂನಿನ ಕಣ್ಣಲ್ಲಿ ಅವನೇ ಮಾಲೀಕ, ಅವನೇ ಹೊಣೆ ಎಂದು ಕೋರ್ಟ್ ಹೇಳಿತು. ಗಾಡಿ ಮಾರಿ ರೊಕ್ಕ ಎಣಿಸಿಕೊಂಡು ಮರೆತವನ ಕುತ್ತಿಗೆಗೆ ಬಂತು. ನಮ್ಮ ಕಡೆ ಎಷ್ಟು ಜನ ಹಳೇ ಟ್ರ್ಯಾಕ್ಟರು, ಬೈಕು, ಏಸು ಮಾರಿ ಹೆಸರು ಬದಲಾಯಿತೋ ಇಲ್ಲವೋ ಎಂದು ತಿರುಗಿ ನೋಡಿಲ್ಲ? ಈ ವಾಕ್ಯ ಓದಿದ ಮೇಲಾದರೂ ಒಮ್ಮೆ ನೋಡಿ.

ಕೊಂಡವನೂ ಕ್ಷೇಮ ಅಲ್ಲ. ಗಾಡಿಗೆ ಬೆಂಕಿ ಹತ್ತಿದರೆ, ಕಳುವಾದರೆ, ವಿಮೆ ಕಂಪನಿ ಮೊದಲು ಕೇಳುವುದು ಆರ್‌ಸಿ ಯಾರ ಹೆಸರಲ್ಲಿದೆ ಎಂದು. ಆ ಗಾಡಿಯ ಮೇಲೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಇನ್ನು ಗಡಿಯ ಬಿಸಿ ಏರಿದಾಗ ನಂಬರ್ ಪ್ಲೇಟೇ ಅಪರಾಧ ಆಗುತ್ತದೆ. 2022ರ ಡಿಸೆಂಬರಿನಲ್ಲಿ ಹಿರೇಬಾಗೇವಾಡಿ ಟೋಲ್ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಕಲ್ಲು ಒಗೆಯುವವನು ಚಾಲಕನ ಮನೆಮಾತು ಕೇಳುವುದಿಲ್ಲ. ಬೇಡಕಿಹಾಳದ ಕನ್ನಡಿಗನ ಎಂಎಚ್ ಗಾಡಿ ಬೆಳಗಾವಿ ರಸ್ತೆಯಲ್ಲಿ ಮಹಾರಾಷ್ಟ್ರದ್ದು, ಕೊಲ್ಹಾಪುರಕ್ಕೆ ಹೋದರೆ ಚಾಲಕ ಕರ್ನಾಟಕದವನು.

ಹಾಗಿದ್ದರೆ ಜನ ಯಾಕೆ ಹೆಸರು ಬದಲಿಸುವುದಿಲ್ಲ? ಅಜ್ಞಾನ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಾವು ಹತ್ತಾರು ಜನರನ್ನು ಕೇಳಿದೆವು. ಎಲ್ಲರಿಗೂ ಗೊತ್ತಿದೆ. ಅವರು ಹೇಳಿದ ಕಾರಣ ಎರಡೇ: ತಿರುಗಾಟ ಮತ್ತು ತೆರಿಗೆ.

ತಿರುಗಾಟ ನೋಡಿ. ಮಾರಿದವನು ಆಚೆ ಕಡೆಯ ಆರ್‌ಟಿಒದಿಂದ ಫಾರ್ಮ್ 28ರಲ್ಲಿ ಎನ್‌ಒಸಿ ತೆಗೆಯಬೇಕು. ಗಾಡಿ ಕಳುವಿನದಲ್ಲ ಎಂದು ಪೊಲೀಸ್ ವರದಿ, ತೆರಿಗೆ ಬಾಕಿ ಇಲ್ಲ ಎಂಬ ಖಾತ್ರಿ. ಸಾಲ ಇದ್ದರೆ ಅದು ತೀರಿದೆ ಎಂದು ಫೈನಾನ್ಸಿನವರ ಸಹಿಯ ಫಾರ್ಮ್ 35. ಆಮೇಲೆ ಚಿಕ್ಕೋಡಿಗೆ ಬಂದು ಫಾರ್ಮ್ 27, ಗಾಡಿ ತೋರಿಸುವುದು, ಕರ್ನಾಟಕದ ತೆರಿಗೆ ಕಟ್ಟುವುದು. ಆಚೆ ಒಮ್ಮೆಲೇ ಕಟ್ಟಿದ್ದ ತೆರಿಗೆಯ ಉಳಿದ ಪಾಲನ್ನು ಮರಳಿ ಕೇಳಲು ಅಲ್ಲಿಗೆ ಮತ್ತೊಂದು ಅರ್ಜಿ. ದಿನಗೂಲಿಯ ಲೆಕ್ಕದಲ್ಲಿ ಬದುಕುವವನು ಎಷ್ಟು ದಿನ ಗಾಡಿ ನಿಲ್ಲಿಸಿ ತಿರುಗಬಲ್ಲ? ಕೊನೆಗೆ ಎಲ್ಲರೂ ಏಜೆಂಟನ ಕಡೆಗೇ ಹೋಗುತ್ತಾರೆ.

ತೆರಿಗೆಯ ಮಾತು ಸ್ವಲ್ಪ ಕಹಿ. ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕಲ್ಲ ಎಂದು ಬೇಕೆಂದೇ ಎಂಎಚ್ ಪ್ಲೇಟಿನಲ್ಲಿ ಓಡಿಸುವವರು ನಮ್ಮಲ್ಲಿದ್ದಾರೆ. ಮೋಟಾರು ವಾಹನ ಕಾಯಿದೆ ಪ್ರಕಾರ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರು ಹಾಕಿಸಲೇಬೇಕು. ಐದು ವರ್ಷ ಇಟ್ಟುಕೊಂಡು, ದಾರಿಯಲ್ಲಿ ನಿಲ್ಲಿಸಿದವರ ಕೈಗೆ ಪ್ರತಿ ಸಲ ಇನ್ನೂರು ಮುನ್ನೂರು ಇಟ್ಟು ಬರುವವರು ಒಂದು ಸಲ ಕುಳಿತು ಲೆಕ್ಕ ಹಾಕಲಿ. ತೆರಿಗೆ ಕಟ್ಟಿದ್ದರೆ ಎಷ್ಟಾಗುತ್ತಿತ್ತು, ಕೈಯಿಂದ ಹೋದದ್ದು ಎಷ್ಟು? ನಮ್ಮಲ್ಲೊಬ್ಬರ ಮಾಮಾ ಈ ಲೆಕ್ಕ ಹಾಕಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಆದರೆ ಸರಕಾರದ ಪಾಲಿನ ತಪ್ಪನ್ನು ನಾವು ಹಗುರ ಮಾಡುವುದಿಲ್ಲ. ಎನ್‌ಒಸಿ ಎಂಬ ಕಾಗದ ಯಾಕೆ ಹುಟ್ಟಿತು? ಒಂದು ಕಚೇರಿಯ ದಾಖಲೆ ದಪ್ಪ ಪುಸ್ತಕದಲ್ಲಿತ್ತು, ಇನ್ನೊಂದು ಕಚೇರಿಗೆ ಅದು ಕಾಣುತ್ತಿರಲಿಲ್ಲ. ಈಗ ಕೊಲ್ಹಾಪುರದ ಗಾಡಿಯೂ ಚಿಕ್ಕೋಡಿಯ ಗಾಡಿಯೂ ವಾಹನ್ ಎಂಬ ಒಂದೇ ಕೇಂದ್ರ ವ್ಯವಸ್ಥೆಯಲ್ಲಿವೆ. ನಮ್ಮ ಫೋನಿನಲ್ಲೇ ಎಂಪರಿವಾಹನ್ ಆ್ಯಪ್ ತೆರೆದು ನಂಬರು ಹಾಕಿದರೆ ಗಾಡಿ ಯಾವ ವರ್ಷದ್ದು, ಫಿಟ್‌ನೆಸ್ ಯಾವಾಗ ಮುಗಿಯುತ್ತದೆ, ವಿಮೆ ಇದೆಯೋ ಇಲ್ಲವೋ ಕಾಣುತ್ತದೆ. ಹಳ್ಳಿಯ ಹುಡುಗನಿಗೆ ಎರಡು ನಿಮಿಷದಲ್ಲಿ ಕಾಣುವುದು ಎರಡು ಸರಕಾರಿ ಕಚೇರಿಗಳಿಗೆ ಕಾಣುವುದಿಲ್ಲವೇ? ಕಾಣುತ್ತದೆ. ಆದರೂ ಕಾಗದ ಬೇಕು.

ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿದೆ, ಬಹಳ ಜನರಿಗೆ ಗೊತ್ತಿಲ್ಲ. 48ನೇ ಕಲಮಿನ ಪ್ರಕಾರ ಎನ್‌ಒಸಿಗೆ ಅರ್ಜಿ ಕೊಟ್ಟಾಗ ಕಚೇರಿ ರಸೀದಿ ಕೊಡಬೇಕು. 30 ದಿನದೊಳಗೆ ಕೊಡುತ್ತೇವೆ ಅಥವಾ ಇಲ್ಲ ಎಂದು ತಿಳಿಸಬೇಕು, ಇಲ್ಲ ಅನ್ನುವುದಾದರೆ ಕಾರಣ ಬರೆಯಬೇಕು. ಏನೂ ಹೇಳದೆ 30 ದಿನ ಕಳೆದರೆ ಎನ್‌ಒಸಿ ಕೊಟ್ಟಂತೆಯೇ ಎಂದು ತಿಳಿಯಬೇಕು. ಎಷ್ಟು ಚಂದ ಬರೆದಿದ್ದಾರೆ ನೋಡಿ. ಆದರೆ ನಾವು ಕಂಡ ಮಟ್ಟಿಗೆ ಈ "ಕೊಟ್ಟಂತೆಯೇ" ಹಿಡಿದುಕೊಂಡು ಕೌಂಟರಿಗೆ ಹೋದವರು ಯಾರೂ ಹೊಸ ನಂಬರು ತಂದಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ತಿಂಗಳಿಗೆ ಒಂದು ದಿನ ನಿಪ್ಪಾಣಿಯಲ್ಲಿ ಎರಡೂ ರಾಜ್ಯದ ಸಾರಿಗೆ ಅಧಿಕಾರಿಗಳು ಒಂದೇ ಮೇಜಿಗೆ ಕುಳಿತುಕೊಳ್ಳಲಿ. ಹೊಳೆಯಲ್ಲಿ ನೀರು ಎಷ್ಟು ಬಿಡಬೇಕು ಎಂದು ಮಹಾಪೂರದ ಹೊತ್ತಿನಲ್ಲಿ ಎರಡೂ ಕಡೆಯ ಅಧಿಕಾರಿಗಳು ಮಾತಾಡಿಕೊಳ್ಳುತ್ತಾರೆ. ಗಾಡಿಯ ವಿಷಯದಲ್ಲಿ ಯಾಕಾಗದು? ಮಾರಿದವನು, ಕೊಂಡವನು, ಗಾಡಿ, ಮೂರೂ ಅಲ್ಲೇ ಇರಲಿ, ಸಂಜೆಯೊಳಗೆ ಎನ್‌ಒಸಿ ಆಗಲಿ. ಎರಡನೆಯದು, ಹಳೆಯ ಎಂಎಚ್ ಗಾಡಿ ಇಟ್ಟುಕೊಂಡವರಿಗೆ ಒಂದು ಸಲ ದಂಡ ಮಾಫಿ ಮಾಡಿ ಅವಧಿ ಕೊಡಲಿ. ತೆರಿಗೆ ಕಟ್ಟಿಸಿಕೊಳ್ಳಲಿ, ದಂಡ ಬೇಡ. ಇದರಿಂದ ಸುಳ್ಳರಿಗೆ ಲಾಭ ಎನ್ನುವವರಿದ್ದಾರೆ. ಇರಬಹುದು, ಸ್ವಲ್ಪ ಲಾಭ ಆಗಲಿ ಬಿಡಿ. ಇವತ್ತು ಸರಕಾರಕ್ಕೆ ಆ ಗಾಡಿಗಳಿಂದ ಬರುತ್ತಿರುವುದು ಸೊನ್ನೆ. ಅವು ಗುದ್ದಿದ ದಿನ ಪೆಟ್ಟು ತಿಂದವನು ಯಾರ ಮೇಲೆ ಕೇಸು ಹಾಕಬೇಕು ಎಂದು ಹುಡುಕುತ್ತ ಎರಡು ರಾಜ್ಯ ತಿರುಗುತ್ತಾನೆ. ನಮಗೆ ಅವನ ಚಿಂತೆ.

ಅಲ್ಲಿಯವರೆಗೆ ನೀವು ಹೊಳೆಯಾಚೆಯ ಗಾಡಿ ನೋಡಲು ಹೋಗುವುದಾದರೆ, ಟೈರು ಒದೆಯುವ ಮೊದಲು ನಂಬರು ಹಾಕಿ ಫೋನು ನೋಡಿ. ಸಾಲದ ಹೆಸರು ಇನ್ನೂ ಆರ್‌ಸಿಯ ಮೇಲೆ ಇದ್ದರೆ ಫಾರ್ಮ್ 35 ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ಗಾಡಿಯ ಚಾಸಿ ನಂಬರನ್ನು ಆರ್‌ಸಿಯ ನಂಬರಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿ. ಬಾಕಿ ಇ-ಚಲನ್ ಎಷ್ಟಿದೆ ನೋಡಿ, ಕೆಲವು ಗಾಡಿಗಳ ಮೇಲೆ ಗಾಡಿಗಿಂತ ಭಾರವಾದ ಚಲನ್ ಇರುತ್ತದೆ. 2019 ಮತ್ತು 2021ರಲ್ಲಿ ಕೊಲ್ಹಾಪುರ, ಸಾಂಗಲಿ ಕಡೆ ಮಹಾಪೂರ ಬಂದಿತ್ತು. ಸೀಟಿನ ಕೆಳಗೆ, ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕಿ ನೋಡಿ, ಒಣ ಕೆಸರು ಉದುರಿದರೆ ಆ ಗಾಡಿ ನೀರಿನಲ್ಲಿ ನಿಂತದ್ದು. ಎಂಟು ವರ್ಷ ದಾಟಿದ ಸರಕಿನ ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು, ಅದನ್ನೂ ಬೆಲೆಯಲ್ಲಿ ಹಿಡಿಯಿರಿ. ಒಂದು ಸಮಾಧಾನದ ಮಾತು: ಒಟ್ಟು ತೂಕ 3000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಓಡಿಸಲು ಕಾರಿನ ಎಲ್‌ಎಂವಿ ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಖಚಿತ ಮಾಡಿದೆ. ಪರ್ಮಿಟ್ ಮಾಡಿಸಿಕೊಡುತ್ತೇನೆ ಎಂದು ರೊಕ್ಕ ಕೇಳುವವನನ್ನು ಅಲ್ಲೇ ಬಿಟ್ಟು ಬನ್ನಿ.

ರೊಕ್ಕ ಎರಡು ಕಂತಿನಲ್ಲಿ ಕೊಡಿ. ದೊಡ್ಡ ಕಂತು ಎನ್‌ಒಸಿ ಕೈಗೆ ಬಂದ ಮೇಲೆ. ಬ್ಯಾಂಕಿನಿಂದಲೇ ಹೋಗಲಿ, ಗುರುತು ಉಳಿಯುತ್ತದೆ. ಮಾರುವವನು ಸಿಟ್ಟಾದರೆ ಆಗಲಿ. ಬೇರೆ ರಾಜ್ಯಕ್ಕೆ ಮಾರಿದವನು 45 ದಿನದೊಳಗೆ, ಕೊಂಡವನು 30 ದಿನದೊಳಗೆ ಕಚೇರಿಗೆ ತಿಳಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಅವನ ಕುತ್ತಿಗೆಯನ್ನೂ ಉಳಿಸುತ್ತಿದ್ದೇವೆ ಎಂದು ತಿಳಿಸಿ ಹೇಳಿ. 2018ರ ತೀರ್ಪಿನ ಕಥೆ ಹೇಳಿದರೆ ಬಹಳ ಜನ ತಾವಾಗಿಯೇ ಸಹಿಗೆ ಬರುತ್ತಾರೆ, ನಾವು ಕಂಡಿದ್ದೇವೆ.

ವಿಡಿಯೋ ಕಳಿಸಿದ ಹುಡುಗ ಅಡ್ವಾನ್ಸ್ ಹಾಕಲಿಲ್ಲ. ಹತ್ತು ದಿನ ಬಿಟ್ಟು ಇಚಲಕರಂಜಿಯಲ್ಲಿ ಒಂದು ಏಸ್ ನೋಡಿದ, ಫೋನಿನಲ್ಲಿ ನಂಬರು ಹಾಕಿದ, ಸಾಲ ತೀರಿರಲಿಲ್ಲ, ಬಿಟ್ಟು ಬಂದ. ಮುಂದಿನ ವಾರ ಇನ್ನೊಂದು ಸಿಕ್ಕಿತು. ಮಾಲೀಕನೇ ಓಡಿಸುತ್ತಿದ್ದ ಗಾಡಿ, ಕಾಗದ ಎಲ್ಲ ಸರಿ. ಮೂವತ್ತು ಸಾವಿರ ಬ್ಯಾಂಕಿನಿಂದ ಹಾಕಿ, ಉಳಿದದ್ದಕ್ಕೆ ಎನ್‌ಒಸಿ ಬರಲಿ ಅಂದಿದ್ದಾನೆ. ಮಾಲೀಕ ಒಪ್ಪಿದ್ದಾನೆ. ಅರ್ಜಿಯ ರಸೀದಿಯ ಫೋಟೋ ನಮಗೂ ಕಳಿಸಿದ. ಇವತ್ತಿಗೆ ಹತ್ತೊಂಬತ್ತು ದಿನ. ದಿನವೂ ಬಾಡಿಗೆ ಗಾಡಿಯಲ್ಲೇ ಮೆಣಸಿನಕಾಯಿ ಹೊಳೆ ದಾಟುತ್ತಿದೆ.